ಬೆಳಕಿನ ಲೆಕ್ಕ ಬರೆದ ಸರ್ ಸಿ. ವಿ. ರಾಮನ್



ಶಂಕರಪುರಂನಿಂದ ಹೊರಟು, ಮಾರ್ಕೆಟ್ ದಾಟಿ, ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿಗಳ ನಡುವೆ ದಾರಿ ಮಾಡಿಕೊಂಡು ಮೈಸೂರು ಬ್ಯಾಂಕ್ ಸರ್ಕಲ್ಲಿಗೆ ಬಂದರೆ ಸೆಂಟ್ರಲ್ ಕಾಲೇಜಿನ ಹಳೆಯ ಕಟ್ಟಡಗಳು ಕಾಣುತ್ತವೆ. ನೀವು ಆ ದಾರಿಯಲ್ಲಿ ನೂರು ಸಲ ಓಡಾಡಿರಬಹುದು. ನಾನೂ ಓಡಾಡಿದ್ದೇನೆ. ಅಲ್ಲಿನ ಭೌತವಿಜ್ಞಾನದ ಉಪನ್ಯಾಸ ಕೊಠಡಿಯಲ್ಲಿ ಏನು ನಡೆದಿತ್ತು ಎಂಬುದು ಬಹಳ ವರ್ಷಗಳ ತನಕ ನನಗೆ ಗೊತ್ತಿರಲಿಲ್ಲ.

1928ರ ಮಾರ್ಚ್ 16. ಅಂದು ಶುಕ್ರವಾರ, ಹಿಜರಿ 1346ರ ರಮಝಾನ್ ತಿಂಗಳು. ನಮ್ಮ ಹಿರಿಯರು ಜುಮಾ ಮುಗಿಸಿ ಇಫ್ತಾರಿನ ಸಿದ್ಧತೆಯಲ್ಲಿದ್ದಿರಬಹುದಾದ ಆ ದಿನ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಗಾಗಿ ಕಲ್ಕತ್ತೆಯಿಂದ ಬಂದಿದ್ದ 39 ವರ್ಷದ ಒಬ್ಬ ಪ್ರಾಧ್ಯಾಪಕರು ತಾವು ಹೊಸದೊಂದು ವಿಕಿರಣವನ್ನು ಕಂಡಿದ್ದೇವೆಂದು ಇಲ್ಲಿ ವಿವರಿಸಿದರು. ಎರಡೇ ವರ್ಷ ಕಳೆಯುವಷ್ಟರಲ್ಲಿ ಅದಕ್ಕೆ ನೊಬೆಲ್ ಬಹುಮಾನ ಬಂತು. ವಿಜ್ಞಾನದಲ್ಲಿ ಏಷ್ಯಾದವರೊಬ್ಬರಿಗೆ ದೊರೆತ ಮೊದಲ ನೊಬೆಲ್ ಅದು. ಆ ಪ್ರಾಧ್ಯಾಪಕರೇ ಚಂದ್ರಶೇಖರ ವೆಂಕಟ ರಾಮನ್.

ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ರಾಮನ್ನರ ಬಗ್ಗೆ ಏಕೆ ಎಂದು ಕೇಳುವವರಿರಬಹುದು. ಪವಿತ್ರ ಕುರ್‌ಆನಿನ ಅವತರಣವೇ ಓದುವ ಆದೇಶದಿಂದ ಆರಂಭವಾಯಿತೆಂದು ನಾವು ವೇದಿಕೆಗಳಲ್ಲಿ ಹೇಳಿಕೊಳ್ಳುತ್ತೇವೆ. ಆದರೆ ಓದಿದವರ ಬಾಳು ಹೇಗಿತ್ತು, ಅವರು ಏನನ್ನು ಬಿಟ್ಟುಕೊಟ್ಟರು, ಎಲ್ಲಿ ಎಡವಿದರು ಎಂಬುದನ್ನು ಮಕ್ಕಳಿಗೆ ಹೇಳುವುದು ಕಡಿಮೆ. ಇನ್ನೊಂದು ಕಾರಣವೂ ಇದೆ. ಬೆಳಕನ್ನು ಪರೀಕ್ಷೆಗೆ ಒಡ್ಡಿ ಅರಿಯುವ ಕೆಲಸವನ್ನು ಸಾವಿರ ವರ್ಷದ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಕೈಗೆತ್ತಿಕೊಂಡಿದ್ದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆಂಬ ಹಳೆಯ ನಂಬಿಕೆಯನ್ನು ಅವರು ತಳ್ಳಿಹಾಕಿದರು. ವಸ್ತುವಿನಿಂದ ಬೆಳಕೇ ಕಣ್ಣಿಗೆ ಬರುತ್ತದೆಂದು ಕತ್ತಲೆ ಕೋಣೆಯ ಪ್ರಯೋಗಗಳಿಂದ ತೋರಿಸಿದರು. ಆ ದಾರಿಯಲ್ಲಿ ಬಹುದೂರ ನಡೆದವರಲ್ಲಿ ರಾಮನ್ನರೂ ಒಬ್ಬರು. ಅವರು ಬಾಳಿನ ಕೊನೆಯ 37 ವರ್ಷ ನಮ್ಮ ಊರಿನವರಾಗಿದ್ದರು.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕರು. ಹಣಕ್ಕಿಂತ ಪುಸ್ತಕವೇ ಹೆಚ್ಚಾಗಿದ್ದ ಮನೆ. ಹುಡುಗ 11ನೆಯ ವಯಸ್ಸಿಗೆ ಮೆಟ್ರಿಕ್ ಮುಗಿಸಿದ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಎಂ.ಎ. ಮುಗಿಯುವ ಮೊದಲೇ, 1906ರಲ್ಲಿ, ಆತ ಬರೆದ ಬೆಳಕಿನ ಬಗೆಗಿನ ಲೇಖನ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಝೀನ್‌ನಲ್ಲಿ ಅಚ್ಚಾಗಿತ್ತು. ಆಗ ಆತನಿಗೆ 18 ವರ್ಷ.

ಮುಂದಿನ ಓದಿಗೆ ಇಂಗ್ಲೆಂಡಿಗೆ ಕಳಿಸಬೇಕೆಂಬ ಮಾತು ಬಂತು. ಈ ದುರ್ಬಲ ಶರೀರ ಅಲ್ಲಿನ ಚಳಿಯನ್ನು ತಾಳದು ಎಂದು ಮದರಾಸಿನ ಸಿವಿಲ್ ಸರ್ಜನ್ ತೀರ್ಪು ಕೊಟ್ಟರು. ಆ ಕಾಲದಲ್ಲಿ ಭಾರತೀಯನೊಬ್ಬ ವಿಜ್ಞಾನವನ್ನೇ ವೃತ್ತಿಯಾಗಿ ಹಿಡಿಯಲು ಬೇರೆ ದಾರಿ ಇದ್ದಂತಿರಲಿಲ್ಲ. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಪಾಸಾದರು, ಲೋಕಸುಂದರಿಯವರನ್ನು ಮದುವೆಯಾದರು, 1907ರಲ್ಲಿ ಕಲ್ಕತ್ತೆಗೆ ಹೋಗಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಕುಳಿತರು. ಒಳ್ಳೆಯ ಸಂಬಳ, ಸರ್ಕಾರಿ ಗೌರವ, ಪಿಂಚಣಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದಲೇ ನಾವೆಲ್ಲ ನಮ್ಮ ಮಕ್ಕಳಿಗೆ ತೋರಿಸುವ ದಾರಿಯ ತುದಿ ಇದೇ ತಾನೇ?

ಆದರೆ ಕಛೇರಿಗೆ ಹೋಗಿಬರುವ ದಾರಿಯಲ್ಲಿ, ಬೌಬಝಾರ್ ಬೀದಿಯ 210ನೆಯ ನಂಬರಿನ ಕಟ್ಟಡದ ಮೇಲೆ ಒಂದು ಬೋರ್ಡು ಅವರ ಕಣ್ಣಿಗೆ ಬಿತ್ತು. ಅದು ವಿಜ್ಞಾನ ಕೃಷಿಗಾಗಿ ಡಾ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಜನರಿಂದ ಹಣ ಕೂಡಿಸಿ ಕಟ್ಟಿದ ಸಂಘ. ಪ್ರಯೋಗಾಲಯವಿತ್ತು, ಪ್ರಯೋಗ ಮಾಡುವವರಿರಲಿಲ್ಲ. ರಾಮನ್ ಬೆಳಿಗ್ಗೆ ಕಛೇರಿಗೆ ಮುಂಚೆ, ಸಂಜೆ ಕಛೇರಿ ಮುಗಿದ ಮೇಲೆ ರಾತ್ರಿಯವರೆಗೆ ಅಲ್ಲಿ ದುಡಿದರು. ಅಶುತೋಷ್ ಡೇ ಎಂಬ ಸಹಾಯಕ ಜೊತೆಗಿದ್ದರು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಯಿತು. ಮತ್ತೆ ಕಲ್ಕತ್ತೆಗೇ ಬಂದರು. ಹೀಗೆ ಹತ್ತು ವರ್ಷ ನಡೆಯಿತು. 1917ರಲ್ಲಿ ಸರ್ ಅಶುತೋಷ್ ಮುಖರ್ಜಿಯವರು ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಕರೆದಾಗ ರಾಮನ್ ಸರ್ಕಾರಿ ನೌಕರಿ ಬಿಟ್ಟರು. ಸಂಬಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಲೋಕಸುಂದರಿಯವರು ಇದಕ್ಕೆ ಏನೆಂದರೋ, ಜೀವನಚರಿತ್ರೆಗಳು ಇಂಥ ವಿಷಯಗಳಲ್ಲಿ ಹೆಂಡತಿಯರನ್ನು ಕೇಳುವುದೇ ಇಲ್ಲ.

1921ರಲ್ಲಿ ಅವರು ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕೆಂದು ಇಂಗ್ಲೆಂಡಿಗೆ ಹೋದರು. ಮರಳುವಾಗ ನರ್ಕುಂಡಾ ಎಂಬ ಹಡಗಿನ ಮೇಲೆ ನಿಂತು ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯನ್ನು ನೋಡಿದರು. ಸಮುದ್ರದ ನೀಲಿ ಆಕಾಶದ ನೀಲಿಯ ಪ್ರತಿಬಿಂಬವಷ್ಟೇ ಎಂದು ದೊಡ್ಡವರು ಹೇಳಿದ್ದರು. ರಾಮನ್ ಜೇಬಿನಲ್ಲಿದ್ದ ಪುಟ್ಟ ನಿಕಾಲ್ ಪಟ್ಟಕದಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ಕಳೆದು ನೋಡಿದರು. ನೀಲಿ ಮಾಯವಾಗಲಿಲ್ಲ, ಇನ್ನೂ ಚೊಕ್ಕಟವಾಗಿ ಕಂಡಿತು. ಅಂದರೆ ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ. ಹಡಗು ಮುಂಬಯಿ ತಲುಪುವ ಹೊತ್ತಿಗೆ ಲೇಖನ ಸಿದ್ಧವಾಗಿತ್ತು.

ಅಲ್ಲಿಂದ ಏಳು ವರ್ಷ ರಾಮನ್ ಮತ್ತು ಅವರ ಶಿಷ್ಯರು ದ್ರವಗಳ ಮೂಲಕ ಬೆಳಕು ಹಾಯಿಸಿ ಚದುರಿದ ಬೆಳಕನ್ನು ನೋಡುತ್ತಾ ಹೋದರು. 1923ರಲ್ಲಿ ಕೆ. ಆರ್. ರಾಮನಾಥನ್‌ಗೆ ಒಂದು ಮಸುಕಾದ ಬೇರೆ ಬಣ್ಣ ಕಂಡಿತು. ದ್ರವದಲ್ಲಿನ ಕಲ್ಮಶದ ಪ್ರತಿದೀಪ್ತಿ ಇರಬೇಕೆಂದುಕೊಂಡರು. ಎಷ್ಟು ಶುದ್ಧಮಾಡಿದರೂ ಅದು ಹೋಗಲಿಲ್ಲ. 1928ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ ಜೊತೆ ಸೇರಿ ಅರವತ್ತರಷ್ಟು ದ್ರವಗಳನ್ನು ಪರೀಕ್ಷಿಸಿದಾಗ ಎಲ್ಲದರಲ್ಲೂ ಅದೇ ಕಂಡಿತು. ಫೆಬ್ರವರಿ 28ರಂದು ಅದು ಹೊಸ ವಿದ್ಯಮಾನವೆಂಬುದು ಖಚಿತವಾಯಿತು. ಆ ದಿನವನ್ನೇ 1987ರಿಂದ ನಾವು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತಿದ್ದೇವೆ. ಅದೇ ದಿನಗಳಲ್ಲಿ ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಂಡೆಲ್‌ಸ್ಟಾಮ್ ಸ್ಫಟಿಕಗಳಲ್ಲಿ ಇದನ್ನೇ ಕಂಡಿದ್ದರು, ಪ್ರಕಟಿಸುವುದು ತಡವಾಯಿತು. ಬಹುಮಾನ ರಾಮನ್ ಒಬ್ಬರಿಗೇ ಬಂತು. ಕೃಷ್ಣನ್ ಹೆಸರು ಅದರಲ್ಲಿ ಸೇರಬೇಕಿತ್ತೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಈಗ ಸ್ವಲ್ಪ ನಿಧಾನವಾಗಿ ಓದಿ. ಪಿಯುಸಿ ವಿಜ್ಞಾನದ ಮಕ್ಕಳು ಮಾತ್ರವಲ್ಲ, ಅಂಗಡಿ ವ್ಯಾಪಾರ ನೋಡಿಕೊಳ್ಳುವವರಿಗೂ ಇದು ಅರ್ಥವಾಗುವಂಥದ್ದೇ. ಬೆಳಕು ಚಿಲ್ಲರೆಯಾಗಿ ಬರುವುದಿಲ್ಲ, ನೋಟುಗಳಾಗಿ ಬರುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಬೆಲೆಯ ನೋಟು. ಈ ಬೆಲೆಯನ್ನು ಇಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿ ಹೇಳುತ್ತಾರೆ. ಕೆಂಪು ಬೆಳಕಿನದು ಸುಮಾರು 1.8, ನೇರಳೆಯದು 3ರ ಆಸುಪಾಸು. ಪಾದರಸದ ದೀಪದಿಂದ ಬರುವ ಒಂದು ಊದಾ ಬೆಳಕಿನ ಬೆಲೆ 2.84. ಇದನ್ನು ನೀರಿನೊಳಕ್ಕೆ ಬಿಡಿ. ಚದುರಿದ ಬೆಳಕಿನ ಬಹುಪಾಲು 2.84 ಆಗಿಯೇ ಹೊರಬರುತ್ತದೆ. ಅತ್ಯಲ್ಪ ಭಾಗ ಮಾತ್ರ 2.42ರ ನೋಟಾಗಿ, ಅಂದರೆ ಹಸಿರು ಬೆಳಕಾಗಿ ಬರುತ್ತದೆ. ಉಳಿದ 0.42 ಎಲ್ಲಿ ಹೋಯಿತು? ನೀರಿನ ಅಣು ಅದನ್ನು ಇಟ್ಟುಕೊಂಡಿತು. ಅಣುವಿನಲ್ಲಿ ಆಮ್ಲಜನಕಕ್ಕೂ ಜಲಜನಕಕ್ಕೂ ನಡುವಿನ ಬಂಧ ಸ್ಪ್ರಿಂಗಿನಂತೆ ಕಂಪಿಸುತ್ತದೆ. ಆ ಕಂಪನಕ್ಕೆ ಬೇಕಾದ ಶಕ್ತಿ ಅಷ್ಟೇ. ಬೇರೆ ದ್ರವಕ್ಕೆ ಕಡಿತದ ಮೊತ್ತವೂ ಬೇರೆ. ಹಾಗಾಗಿ ಹೊರಬಂದ ಬೆಳಕಿನ ಲೆಕ್ಕ ನೋಡಿಯೇ ಒಳಗಿರುವ ಅಣು ಯಾವುದು ಎಂದು ಹೇಳಬಹುದು. ಹತ್ತು ವರ್ಷ ಸರ್ಕಾರದ ಜಮಾಖರ್ಚು ನೋಡಿದ ಅಧಿಕಾರಿಗೆ ಈ ಕಡಿತ ಕಣ್ಣಿಗೆ ಬಿದ್ದದ್ದು ನನಗಂತೂ ಆಶ್ಚರ್ಯವೆನಿಸುವುದಿಲ್ಲ.

ಇಲ್ಲಿ ಬೆಳಕು ಅಣುವನ್ನು ಅಲುಗಿಸಿತು, ಮುರಿಯಲಿಲ್ಲ. ಬೆಲೆ ಹೆಚ್ಚಾದಂತೆ ಕಥೆ ಬದಲಾಗುತ್ತದೆ. ನೀರಿನ ಅಣುವಿನಿಂದ ಒಂದು ಜಲಜನಕವನ್ನು ಕಿತ್ತುಹಾಕಲು 5.1 ಇಲೆಕ್ಟ್ರಾನ್ ವೋಲ್ಟ್ ಸಾಕು. ಅಣುವಿನಿಂದ ಒಂದು ಇಲೆಕ್ಟ್ರಾನನ್ನೇ ಹೊರಗಟ್ಟಲು 12.6 ಬೇಕು. ಅಷ್ಟು ಬೆಲೆಯ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಅದು ನೇರಳಾತೀತದ ದೂರದ ತುದಿಯಲ್ಲಿದೆ.

ಇಲೆಕ್ಟ್ರಾನ್ ಹೋದ ಮೇಲೆ ಅಣುವಿನ ಗತಿ ಏನು? ಹೋದದ್ದು ಯಾವ ಇಲೆಕ್ಟ್ರಾನ್ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೆಲವು ಇಲೆಕ್ಟ್ರಾನುಗಳು ಗೋಡೆಯ ಮೇಲಿನ ಸುಣ್ಣದಂತೆ. ಹೋದರೂ ಮನೆ ನಿಲ್ಲುತ್ತದೆ. ಕೆಲವು ಇಟ್ಟಿಗೆಗಳ ನಡುವಿನ ಗಾರೆಯಂತೆ. ಹೋದರೆ ಗೋಡೆಯೇ ಸಡಿಲ. ನೀರಿನಲ್ಲಿ ಅತ್ಯಂತ ಸುಲಭವಾಗಿ ಹೋಗುವ ಇಲೆಕ್ಟ್ರಾನ್ ಮೊದಲ ಬಗೆಯದು. ಆದ್ದರಿಂದ 12.6ರಿಂದ 18ರವರೆಗಿನ ಬೆಳಕು ಬಿದ್ದಾಗ ನೀರಿನ ಅಣು ಧನ ಆವೇಶ ಹೊತ್ತುಕೊಂಡೂ ಇಡಿಯಾಗಿಯೇ ಉಳಿಯುತ್ತದೆ. 18 ದಾಟಿದ ಮೇಲೆ ಅದು ಒಡೆದು ಒಂದು ಜಲಜನಕ ಬೇರೆಯಾಗತೊಡಗುತ್ತದೆ.

ಎಲ್ಲಕ್ಕಿಂತ ಚಿಕ್ಕ ಅಣುವಾದ ಜಲಜನಕದಲ್ಲಿ ಇದು ಇನ್ನೂ ಸ್ಪಷ್ಟ. ಎರಡು ಪ್ರೋಟಾನುಗಳನ್ನು ಎರಡು ಇಲೆಕ್ಟ್ರಾನುಗಳು ಹಿಡಿದಿಟ್ಟಿವೆ. ಆ ಬಂಧದ ಬಲ 4.5 ಇಲೆಕ್ಟ್ರಾನ್ ವೋಲ್ಟ್. ಒಂದು ಇಲೆಕ್ಟ್ರಾನನ್ನು 15.4ರ ಬೆಳಕು ಕಿತ್ತೊಯ್ದರೆ ಬಂಧದ ಬಲ 2.65ಕ್ಕೆ ಇಳಿಯುತ್ತದೆ, ಪ್ರೋಟಾನುಗಳ ನಡುವಿನ ದೂರ 0.74 ಆಂಗ್‌ಸ್ಟ್ರಮ್‌ನಿಂದ 1.06ಕ್ಕೆ ಏರುತ್ತದೆ. ಮನೆ ಕುಸಿಯಲಿಲ್ಲ, ಆದರೆ ಬಿರುಕು ಬಿಟ್ಟಿತು. 51ರಷ್ಟು ಬೆಲೆಯ ಬೆಳಕು ಎರಡೂ ಇಲೆಕ್ಟ್ರಾನುಗಳನ್ನು ಒಟ್ಟಿಗೇ ಹೊರಹಾಕಿತು ಎನ್ನಿ. ಆಗ ಹಿಡಿದಿಡುವವರು ಯಾರೂ ಇಲ್ಲ. ಒಂದೇ ಜಾತಿಯ ಆವೇಶದ ಎರಡು ಪ್ರೋಟಾನುಗಳು ಒಂದನ್ನೊಂದು ತಳ್ಳುತ್ತಾ ಸುಮಾರು 19 ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಹಂಚಿಕೊಂಡು ವಿರುದ್ಧ ದಿಕ್ಕಿಗೆ ಸಿಡಿಯುತ್ತವೆ. ಸೆಕೆಂಡಿನ ಕೋಟಿಯ ಒಂದು ಭಾಗವನ್ನು ಮತ್ತೆ ಕೋಟಿ ಮಾಡಿದರೆ ಎಷ್ಟು ಬರುತ್ತದೋ, ಆ ಅಳತೆಯ ಕಾಲದಲ್ಲಿ ಇದೆಲ್ಲ ಮುಗಿದುಹೋಗುತ್ತದೆ.

ಬೆಳಕಿಗೆ ಸಿಕ್ಕಿ ಅಣು ಒಡೆಯುವ ಕ್ಷಣವನ್ನೇ ಹಿಡಿದು ತೋರಿಸಿದವರು ಈಜಿಪ್ಟಿನ ದಮನ್‌ಹೂರ್‌ನಲ್ಲಿ ಹುಟ್ಟಿ, ಅಲೆಕ್ಸಾಂಡ್ರಿಯಾದಲ್ಲಿ ಓದಿ, ಅಮೆರಿಕದಲ್ಲಿ ದುಡಿದ ಅಹ್ಮದ್ ಝುವೈಲ್. 1987ರಲ್ಲಿ ಅವರ ತಂಡ ಅಯೋಡಿನ್ ಸಯನೈಡ್ ಎಂಬ ಮೂರು ಪರಮಾಣುಗಳ ಅಣು ಬೆಳಕಿನ ಪೆಟ್ಟಿಗೆ ಸುಮಾರು 200 ಫೆಮ್ಟೊಸೆಕೆಂಡಿನಲ್ಲಿ ಬೇರ್ಪಡುವುದನ್ನು ಅಳೆಯಿತು. 1999ರ ರಸಾಯನ ನೊಬೆಲ್ ಅವರಿಗೆ ಬಂತು. 2016ರಲ್ಲಿ ಅವರು ತೀರಿಕೊಂಡರು. ಬೆಳಕಿನಿಂದ ಹೊರಬಿದ್ದ ಇಲೆಕ್ಟ್ರಾನಿನ ವೇಗವನ್ನೇ ಅಳೆದು ಅಣುವಿನ ಒಳಗನ್ನು ಓದುವ ವಿದ್ಯೆ ಇದಕ್ಕೂ ಮೊದಲಿನದು. ಲಂಡನ್ನಿನಲ್ಲಿ ಡೇವಿಡ್ ಟರ್ನರ್ 1962ರಲ್ಲಿ ಪ್ರಕಟಿಸಿದ ಆರಂಭದ ಲೇಖನದಲ್ಲಿ ಜೊತೆಗಿದ್ದ ಹೆಸರು ಅಲ್ ಜುಬೂರಿ. ಹೀಲಿಯಂ ದೀಪದ 21.2 ಬೆಲೆಯ ಬೆಳಕಿನಿಂದ ಅನಿಲದ ಅಣುಗಳ ಇಲೆಕ್ಟ್ರಾನ್ ಕಿತ್ತು ಲೆಕ್ಕ ಹಾಕುವ ವಿಧಾನ ಅದು. ಇದು ಬೆಂಗಳೂರಿಗೆ ಬಂದ ಕಥೆಯನ್ನು ಮುಂದೆ ಹೇಳುತ್ತೇನೆ.

ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದರು, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಊರಿನವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ. ಮರುವರ್ಷವೇ ಭಾರತೀಯ ವಿಜ್ಞಾನ ಅಕಾಡೆಮಿ ಸ್ಥಾಪಿಸಿದರು. ಮಹಾರಾಜರು ಅದಕ್ಕೆ ಭೂಮಿ ದಾನ ಕೊಟ್ಟಾಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಝಾ ಇಸ್ಮಾಯಿಲ್. ಅವರು ಅದೇ ಸೆಂಟ್ರಲ್ ಕಾಲೇಜಿನ ಹಳೆಯ ವಿದ್ಯಾರ್ಥಿ.

ರಾಮನ್ನರದು ಮೃದು ಸ್ವಭಾವವಲ್ಲ. ಸಂಸ್ಥೆಯ ಹಣವನ್ನು ಭೌತವಿಜ್ಞಾನಕ್ಕೇ ಹೆಚ್ಚು ತಿರುಗಿಸುತ್ತಾರೆ, ಯಾರ ಮಾತನ್ನೂ ಕೇಳುವುದಿಲ್ಲ ಎಂಬ ದೂರು ಎದ್ದಿತು. ಹಿಟ್ಲರನ ಜರ್ಮನಿಯಿಂದ ಹೊರಬಂದಿದ್ದ ಮಹಾ ವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು 1935ರಲ್ಲಿ ಬೆಂಗಳೂರಿಗೆ ಕರೆಸಿ ಇಲ್ಲೇ ಉಳಿಸಿಕೊಳ್ಳಲು ರಾಮನ್ ಹೆಣಗಿದರು. ಅದು ಆಗಲಿಲ್ಲ. ವಿಚಾರಣಾ ಸಮಿತಿ ಬಂತು. 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟು ಪ್ರಾಧ್ಯಾಪಕರಾಗಿ ಮಾತ್ರ ಉಳಿದರು. ಮುಂದೆ ಅದೇ ಬಾರ್ನ್ ಅವರ ಜೊತೆ ಹರಳುಗಳ ಕಂಪನದ ವಿಷಯದಲ್ಲಿ ವರ್ಷಗಟ್ಟಲೆ ವಾದ ಮಾಡಿದರು. ಗೆದ್ದದ್ದು ಬಾರ್ನ್ ಅವರ ಸಿದ್ಧಾಂತ. ರಾಮನ್ ಒಪ್ಪಿಕೊಳ್ಳಲಿಲ್ಲ.

ಇನ್ನೊಂದು ತಪ್ಪನ್ನು ಮುಚ್ಚಿಡಬಾರದು. ನಮ್ಮಂಥ ಸಂಘಗಳಿಗೆ ಅದು ಇನ್ನೂ ಹತ್ತಿರದ್ದು. 1933ರಲ್ಲಿ ಮುಂಬಯಿಯಲ್ಲಿ ಪದವಿ ಮುಗಿಸಿದ ಕಮಲಾ ಭಾಗವತ್ ಎಂಬ ಯುವತಿ ಸಂಸ್ಥೆಯಲ್ಲಿ ಸಂಶೋಧನೆಗೆ ಅರ್ಜಿ ಹಾಕಿದರು. ಅಂಕಗಳಲ್ಲಿ ಕೊರತೆ ಇರಲಿಲ್ಲ. ಹೆಣ್ಣೆಂಬ ಕಾರಣಕ್ಕೆ ರಾಮನ್ ನಿರಾಕರಿಸಿದರು. ಆಕೆ ಬೆಂಗಳೂರಿಗೇ ಬಂದು ಪಟ್ಟು ಹಿಡಿದಾಗ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನೊಡನೆ ಸೇರಿಸಿಕೊಂಡರು. ಗಂಡಸರ ಕೆಲಸಕ್ಕೆ ಅಡ್ಡಿಯಾಗಬಾರದೆಂಬ ಮಾತೂ ಅದರಲ್ಲಿತ್ತು. ವರ್ಷ ಮುಗಿದಾಗ ಆಕೆಯ ಕೆಲಸ ನೋಡಿ ರಾಮನ್ ಬಾಗಿಲು ತೆರೆದರು, ಆಮೇಲೆ ಬೇರೆ ಹೆಣ್ಣುಮಕ್ಕಳೂ ಬಂದರು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದ ಆಕೆ 1939ರಲ್ಲಿ ಕೇಂಬ್ರಿಡ್ಜಿನಿಂದ ಪಿಎಚ್.ಡಿ. ಪಡೆದರು. ಆ ಅವಮಾನವನ್ನು ಅವರು ಮುಪ್ಪಿನಲ್ಲೂ ಮರೆಯಲಿಲ್ಲ. ಮಗಳ ಓದನ್ನು ಎಸ್ಸೆಸ್ಸೆಲ್ಸಿಗೇ ನಿಲ್ಲಿಸಲು ಹೊರಟ ತಂದೆಯರನ್ನು ನಮ್ಮ ಸಂಘದವರು ಮನೆಮನೆಗೆ ಹೋಗಿ ಒಪ್ಪಿಸುವಾಗ ಈ ಪ್ರಸಂಗ ನೆನಪಿರಲಿ. ಅಲ್ಲಿ ತಡೆದದ್ದು ಅನಕ್ಷರಸ್ಥನಲ್ಲ, ನೊಬೆಲ್ ಪಡೆದವರು.

1940ರಲ್ಲಿ ಕೇರಳದ ಪೀರ್‌ಮೇಡಿನವರಾದ ಅನ್ನಾ ಮಣಿ ಬಂದರು. ರಾಮನ್ ಅವರಿಗೆ ವಜ್ರಗಳನ್ನೂ ಮಾಣಿಕ್ಯಗಳನ್ನೂ ಕೊಟ್ಟು, ಅವು ಬೆಳಕನ್ನು ಹೇಗೆ ಹೀರಿ ಹೊರಸೂಸುತ್ತವೆಂದು ನೋಡಲು ಹೇಳಿದರು. ಒಂದೊಂದು ಛಾಯಾಫಲಕಕ್ಕೆ 15ರಿಂದ 20 ತಾಸು ಬೆಳಕು ಒಡ್ಡಬೇಕಿತ್ತು. ರಾತ್ರಿ ಪ್ರಯೋಗಾಲಯದಲ್ಲೇ ಮಲಗಿದ್ದೂ ಉಂಟು. ಐದು ಸಂಶೋಧನಾ ಲೇಖನಗಳನ್ನು ಒಬ್ಬರೇ ಬರೆದರು. 1945ರಲ್ಲಿ ಪ್ರಬಂಧ ಸಲ್ಲಿಸಿದಾಗ, ಎಂ.ಎಸ್ಸಿ. ಇಲ್ಲವೆಂಬ ಕಾರಣ ಹೇಳಿ ಮದರಾಸು ವಿಶ್ವವಿದ್ಯಾನಿಲಯ ಪಿಎಚ್.ಡಿ. ಕೊಡಲಿಲ್ಲ. ಅವರು ಎದೆಗುಂದದೆ ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು ಬಂದರು.

ಇಲ್ಲಿ ನನಗೆ ಕುತೂಹಲದ ಸಂಗತಿಯೊಂದು ಕಾಣುತ್ತದೆ. ರಾಮನ್ ತಮ್ಮ ಬಾಳೆಲ್ಲ ಅಣುವನ್ನು ಮುರಿಯದ ಬೆಳಕಿನೊಡನೆ ಕಳೆದರು. ಅವರ ಕೈಯಲ್ಲಿ ಪಳಗಿದ ಮೂವರು ಮಾತ್ರ ಆಕಾಶದತ್ತ, ಬೆಳಕು ಅಣುಗಳನ್ನು ಹಗಲಿಡೀ ಒಡೆಯುವ ಜಾಗದತ್ತ ಹೋದರು.

ಮೊದಲನೆಯವರು ಶಿಶಿರ್ ಕುಮಾರ್ ಮಿತ್ರ. ಕಲ್ಕತ್ತೆಯಲ್ಲಿ ರಾಮನ್ನರ ಬಳಿ ದುಡಿದು 1919ರಲ್ಲಿ ಡಿ.ಎಸ್ಸಿ. ಪಡೆದವರು, ಮುಂದೆ ಅಯಾನುಗೋಲದ ದೊಡ್ಡ ವಿದ್ವಾಂಸರಾದರು. ನೆಲದಿಂದ ನೂರು ಕಿಲೋಮೀಟರಿಗೂ ಮೇಲೆ ಸೂರ್ಯನ ತೀವ್ರ ನೇರಳಾತೀತ ಕಿರಣಗಳು ಆಮ್ಲಜನಕ, ಸಾರಜನಕ ಅಣುಗಳ ಇಲೆಕ್ಟ್ರಾನ್ ಕಿತ್ತುಹಾಕುತ್ತವೆ. ಆಮ್ಲಜನಕಕ್ಕೆ 12.1 ಸಾಕು, ಸಾರಜನಕಕ್ಕೆ 15.6 ಬೇಕು. ಹಿಂದೆ ನಮ್ಮ ಮನೆಗಳಲ್ಲಿ ರಾತ್ರಿ ಹೊತ್ತು ಶಾರ್ಟ್‌ವೇವ್ ರೇಡಿಯೋ ತಿರುಗಿಸಿದರೆ ದೂರದೇಶದ ಸ್ಟೇಷನ್ ಕೇಳಿಸುತ್ತಿತ್ತಲ್ಲ, ಆ ಅಲೆಗಳನ್ನು ಭೂಮಿಗೆ ಮರಳಿಸುತ್ತಿದ್ದದ್ದು ಹೀಗೆ ಬಿಡುಗಡೆಯಾದ ಇಲೆಕ್ಟ್ರಾನುಗಳೇ.

ಇಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಅಣು ತಕ್ಷಣ ಒಡೆಯಬೇಕೆಂದಿಲ್ಲ. ಅದು ಒಡೆಯುವುದು ಹೆಚ್ಚಾಗಿ ಇಲೆಕ್ಟ್ರಾನೊಂದು ಮರಳಿ ಬಂದು ಕೂಡಿದಾಗ. ಹೋಗುವಾಗ ಪಡೆದ 12ರಷ್ಟು ಶಕ್ತಿಯನ್ನು ಅದು ಒಮ್ಮೆಲೇ ಅಣುವಿನೊಳಗೆ ಸುರಿಯುತ್ತದೆ. ಬಂಧದ ಬಲವೋ 5 ಮಾತ್ರ. ಅಣು ಎರಡು ಪರಮಾಣುಗಳಾಗಿ ಸಿಡಿಯುತ್ತದೆ. ಹೀಗೆ ಸಿಡಿದ ಪರಮಾಣುಗಳಲ್ಲಿ ಕೆಲವು ರಾತ್ರಿ ಆಕಾಶದಲ್ಲಿ, ಕಣ್ಣಿಗೆ ಕಾಣದಷ್ಟು ಮಸುಕಾದ ಕೆಂಬೆಳಕು ಬೀರುತ್ತವೆ. ಉಪಕರಣಗಳಿಗೆ ಅದು ಕಾಣುತ್ತದೆ. ಮಿತ್ರ ಅವರು ಮೇಲಿನ ವಾಯುಮಂಡಲದ ಕುರಿತು ಬರೆದ ಗ್ರಂಥ 1947ರಲ್ಲಿ ಬಂದು ಜಗತ್ತಿನಾದ್ಯಂತ ಪಠ್ಯವಾಯಿತು.

ಎರಡನೆಯವರು, ಆ ಮಸುಕು ಬಣ್ಣವನ್ನು ಮೊದಲು ಕಂಡ ರಾಮನಾಥನ್. ಅವರು ಓಝೋನ್ ತಜ್ಞರಾಗಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. ಮೂರನೆಯವರು ಅನ್ನಾ ಮಣಿ. 242 ನ್ಯಾನೊಮೀಟರಿಗಿಂತ ಕಿರಿದಾದ ಅಲೆಯ ಬೆಳಕು ಆಮ್ಲಜನಕದ ಅಣುವನ್ನು ಸೀಳುತ್ತದೆ. ಒಂಟಿಯಾದ ಪರಮಾಣು ಇನ್ನೊಂದು ಅಣುವಿಗೆ ಅಂಟಿಕೊಂಡು ಓಝೋನ್ ಆಗುತ್ತದೆ. ಆ ಓಝೋನ್ ತಾನೂ ನೇರಳಾತೀತ ಕಿರಣಕ್ಕೆ ಸಿಕ್ಕಿ ಒಡೆಯುತ್ತದೆ. ಒಡೆಯುತ್ತಾ ಕೂಡುತ್ತಾ ಇರುವ ಈ ಪದರವೇ ನಮ್ಮ ಚರ್ಮವನ್ನೂ ಬೆಳೆಯನ್ನೂ ಕಾಯುತ್ತಿದೆ. ಅದನ್ನು ಬಲೂನಿನಲ್ಲಿ ಏರಿಸಿ ಅಳೆಯುವ ಉಪಕರಣ 1960ರ ದಶಕದಲ್ಲಿ ಭಾರತದಲ್ಲೇ ತಯಾರಾದದ್ದು ಅನ್ನಾ ಮಣಿಯವರ ಮುಂದಾಳತ್ವದಲ್ಲಿ. ಪಿಎಚ್.ಡಿ. ಸಿಗದ ಆ ಮಹಿಳೆ 1976ರಲ್ಲಿ ನಿವೃತ್ತರಾದಾಗ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕರಾಗಿದ್ದರು. ಆಮೇಲೆ ಬೆಂಗಳೂರಿಗೇ ಬಂದು ಗಾಳಿ ಮತ್ತು ಬಿಸಿಲಿನ ಶಕ್ತಿಯನ್ನು ಅಳೆಯುವ ಉಪಕರಣಗಳನ್ನು ಮಾಡಿಸಿದರು.

ಈಗ ಬಸವನಗುಡಿಗೆ ಬರೋಣ. 1946ರಲ್ಲಿ ರಾಮನ್ ಆಚಾರ್ಯ ಪಾಠಶಾಲೆಗೆ ಭೇಟಿ ಕೊಟ್ಟರು. ಶಂಕರಪುರಂನ ಮಕ್ಕಳು ನಡೆದೇ ಹೋಗಬಹುದಾದ ಶಾಲೆ ಅದು. ಅಲ್ಲಿ ಅವರ ಮಾತು ಕೇಳಿದ ಹನ್ನೆರಡರ ಆಸುಪಾಸಿನ ಒಬ್ಬ ಹುಡುಗ, ಬಸವನಗುಡಿಯ ನಾಗೇಶ ರಾಯರ ಮಗ, ವಿಜ್ಞಾನದ ಹುಚ್ಚು ಹಚ್ಚಿಕೊಂಡ. ಆತನೇ ಸಿ. ಎನ್. ಆರ್. ರಾವ್. ಅವರು 1976ರಲ್ಲಿ ಕಾನ್ಪುರದಿಂದ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಹೊಸ ವಿಭಾಗ ಕಟ್ಟಿದರು. ಟರ್ನರ್ ಮತ್ತು ಅಲ್ ಜುಬೂರಿಯವರು ತೋರಿಸಿದ್ದ ದಾರಿಯಲ್ಲಿ, ಬೆಳಕಿನ ಪೆಟ್ಟಿಗೆ ಅಣುಗಳಿಂದ ಹೊರಬೀಳುವ ಇಲೆಕ್ಟ್ರಾನುಗಳನ್ನು ಅಳೆಯುವ ಕೆಲಸವೂ ಅಲ್ಲಿ ನಡೆಯಿತು. ಶಾಲೆಗಳ ಆಡಳಿತ ಮಂಡಳಿಗಳಿಗೆ ನನ್ನದೊಂದು ಮಾತು: ವಾರ್ಷಿಕೋತ್ಸವಕ್ಕೆ ಮಂತ್ರಿಗಳನ್ನು ಕರೆಯುವುದಕ್ಕೆ ಪಡುವ ಪಾಡಿನಲ್ಲಿ ನಾಲ್ಕಾಣೆಯಷ್ಟನ್ನು ವಿಜ್ಞಾನಿಯೊಬ್ಬರನ್ನು ಕರೆಯಲು ಪಟ್ಟು ನೋಡಿ.

1948ರಲ್ಲಿ ರಾಮನ್ ಸಂಸ್ಥೆಯಿಂದ ನಿವೃತ್ತರಾದರು. ಮಹಾರಾಜರು ಕೊಟ್ಟಿದ್ದ ಭೂಮಿಯಲ್ಲಿ ಊರೂರು ಸುತ್ತಿ ದೇಣಿಗೆ ಎತ್ತಿ ತಮ್ಮದೇ ಸಂಶೋಧನಾ ಮಂದಿರ ಕಟ್ಟಿದರು. ಸರ್ಕಾರದ ಹಣ ಬೇಡವೆಂದರು. ಹಣದ ಹಿಂದೆ ವರದಿ ಕೇಳುವ ಕಡತಗಳು ಬರುತ್ತವೆಂಬುದು ಅವರ ಭಯ. ಹಣಕಾಸು ಇಲಾಖೆಯವರಿಗೆ ಅದು ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ? 1954ರಲ್ಲಿ ಭಾರತರತ್ನ, 1957ರಲ್ಲಿ ಲೆನಿನ್ ಶಾಂತಿ ಪುರಸ್ಕಾರ ಬಂದವು. ಮಲ್ಲೇಶ್ವರದ ಪಂಚವಟಿ ಎಂಬ ಮನೆಯಿಂದ ಸಂಶೋಧನಾ ಮಂದಿರಕ್ಕೆ, ಅಲ್ಲಿಂದ ಮನೆಗೆ, ಕೊನೆಯ ವರ್ಷಗಳ ಓಡಾಟ ಇಷ್ಟೇ. ಹೂವುಗಳ ಬಣ್ಣ, ಹರಳುಗಳ ಹೊಳಪು, ಕಣ್ಣು ಬಣ್ಣವನ್ನು ಗ್ರಹಿಸುವ ರೀತಿ ಅವರನ್ನು ಸೆಳೆದವು. ಮಂದಿರದ ಕತ್ತಲೆಯ ಕೋಣೆಯೊಂದರಲ್ಲಿ ಖನಿಜಗಳನ್ನು ಜೋಡಿಸಿ ನೇರಳಾತೀತ ದೀಪ ಹಾಕಿದಾಗ ಬೂದುಬಣ್ಣದ ಕಲ್ಲುಗಳು ಹಸಿರು, ಕೆಂಪು, ಕಿತ್ತಳೆಯಾಗಿ ಬೆಳಗುತ್ತಿದ್ದವು. ಬಂದ ಶಾಲಾ ಮಕ್ಕಳಿಗೆ ಅದನ್ನು ತೋರಿಸುವುದೆಂದರೆ ಮುದುಕರಿಗೆ ಬಲು ಸಂಭ್ರಮ.

ಪ್ರತಿ ವರ್ಷ ಅಕ್ಟೋಬರ್ 2ರಂದು ಅವರು ಅಲ್ಲಿ ಗಾಂಧಿ ಸ್ಮಾರಕ ಉಪನ್ಯಾಸ ಕೊಡುತ್ತಿದ್ದರು. 1970ರಲ್ಲಿ ಕಿವಿ ಶಬ್ದವನ್ನು ಗ್ರಹಿಸುವ ಬಗೆಯ ಕುರಿತು ಮಾತನಾಡಿದರು. ಅದೇ ಕೊನೆಯ ಉಪನ್ಯಾಸ. ಆ ತಿಂಗಳ ಕೊನೆಗೆ ಪ್ರಯೋಗಾಲಯದಲ್ಲಿ ಕುಸಿದುಬಿದ್ದರು. ನವೆಂಬರ್ 21ರ ಬೆಳಗಿನ ಹೊತ್ತು, 82 ವರ್ಷ ತುಂಬಿ ಎರಡು ವಾರಕ್ಕೆ ತೀರಿಕೊಂಡರು. ಆಡಂಬರದ ವಿಧಿಗಳು ಬೇಡವೆಂದು ಮೊದಲೇ ಹೇಳಿದ್ದರು. ತಾವೇ ಬೆಳೆಸಿದ ತೋಟದಲ್ಲಿ ಅವರ ದಹನವಾಯಿತು. ಆ ಜಾಗದಲ್ಲಿ ಸಮಾಧಿ ಕಟ್ಟಲಿಲ್ಲ, ಒಂದು ಮರ ನೆಟ್ಟರು.